ಪಣಂಬೂರು: ಕಡಲತೀರದ ಗಣಿ ಉಪನಗರವೊಂದರ ಪರಿಸರ ಇತಿಹಾಸ

ಪ್ರಸ್ತಾವನೆ

ಕರ್ನಾಟಕದ ಗಣಿಗಾರಿಕೆಯ ಇತಿಹಾಸವನ್ನು ಕುರಿತ ಬರಹಗಳಲ್ಲಿ ಕೋಲಾರ, ಹಟ್ಟಿ, ಸಂಡೂರು ಮತ್ತು ಕುದುರೆಮುಖಗಳಿಗೆ ಪ್ರಧಾನ ಸ್ಥಾನ ದೊರೆತಿದೆ. ಇವೆಲ್ಲವೂ ಅದಿರನ್ನು ಅಗೆದು ತೆಗೆದ ಸ್ಥಳಗಳು. ಅಗೆದ ಅದಿರು ಹೋಗಿ ಸೇರಿದ ಸ್ಥಳಗಳ ಇತಿಹಾಸ ಮಾತ್ರ ವಿದ್ವಾಂಸರ ಗಮನವನ್ನು ಅಷ್ಟಾಗಿ ಸೆಳೆದಿಲ್ಲ. ಮಂಗಳೂರು ನಗರದ ಉತ್ತರಕ್ಕೆ, ಗುರುಪುರ ನದಿಗೂ ಅರಬ್ಬೀ ಸಮುದ್ರಕ್ಕೂ ನಡುವೆ ಇರುವ ಪಣಂಬೂರು ಅಂತಹ ಸ್ಥಳಗಳಲ್ಲೊಂದು. ಇಲ್ಲಿ ಗಣಿಯ ಹೊಂಡವಿಲ್ಲ, ಸುರಂಗವಿಲ್ಲ. ಆದರೂ 1980ರಿಂದ 2005ರವರೆಗಿನ ಕಾಲು ಶತಮಾನ ಕಾಲ ಇದು ಕುದುರೆಮುಖದ ಕಬ್ಬಿಣದ ಗಣಿಯ ಕಡಲ ತುದಿಯಾಗಿ ವರ್ತಿಸಿತು. ಇಲ್ಲಿಯ ನೆಲ, ನೀರು ಮತ್ತು ಜನವಸತಿಗಳು ಅದಕ್ಕೆ ತಕ್ಕಂತೆ ಮಾರ್ಪಟ್ಟವು.

ಪಣಂಬೂರು ಹಾಗೂ ಅದಕ್ಕೆ ಹೊಂದಿಕೊಂಡ ಬೈಕಂಪಾಡಿ, ತಣ್ಣೀರುಬಾವಿ ಪ್ರದೇಶಗಳ ನೈಸರ್ಗಿಕ ಪರಿಸರವು 1962ರಿಂದ ಈಚೆಗೆ ಪಡೆದ ರೂಪಾಂತರವನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಘಟ್ಟದ ಮೇಲಿನ ಗಣಿ, ಕೊಳವೆಮಾರ್ಗ ಹಾಗೂ ಕಡಲತೀರದ ಉಪನಗರ ಇವು ಮೂರೂ ಒಂದೇ ಪರಿಸರ ವ್ಯವಸ್ಥೆಯ ಅಂಗಗಳಾಗಿದ್ದರೂ, ಆಡಳಿತ, ನ್ಯಾಯವಿಚಾರಣೆ ಮತ್ತು ಇತಿಹಾಸಲೇಖನಗಳು ಅವನ್ನು ಬೇರೆಬೇರೆಯಾಗಿ ಕಂಡಿವೆ. ಅದರ ಪರಿಣಾಮವಾಗಿ ಬೆಟ್ಟದ ನಷ್ಟವು ಲೆಕ್ಕಕ್ಕೆ ಬಂದಿತು, ತೀರದ ನಷ್ಟವು ಲೆಕ್ಕದಿಂದ ಹೊರಗುಳಿಯಿತು ಎಂಬುದು ಇಲ್ಲಿಯ ಪ್ರತಿಪಾದನೆ.

ಭೂಸ್ವರೂಪ ಮತ್ತು ಜಲಮೂಲಗಳು

ಘಟ್ಟದ ಬುಡದಿಂದ ಪಶ್ಚಿಮಕ್ಕೆ ಹರಿದು ಬರುವ ಗುರುಪುರ ನದಿಗೆ ಫಲ್ಗುಣಿ, ಕೂಳೂರು ಹೊಳೆ ಎಂಬ ಹೆಸರುಗಳೂ ಇವೆ. ಕೂಳೂರಿನ ಬಳಿ ಸಮುದ್ರವು ಕೂಗಳತೆಯ ದೂರದಲ್ಲಿದ್ದರೂ ನದಿಯು ನೇರವಾಗಿ ಕಡಲನ್ನು ಸೇರುವುದಿಲ್ಲ. ಅದು ದಕ್ಷಿಣಕ್ಕೆ ತಿರುಗಿ, ತೀರಕ್ಕೆ ಸಮಾನಾಂತರವಾಗಿ ಹರಿದು, ಬೆಂಗ್ರೆಯ ಬಳಿ ನೇತ್ರಾವತಿಯೊಡನೆ ಕೂಡಿ ಸಮುದ್ರವನ್ನು ಸೇರುತ್ತದೆ. ನದಿಗೂ ಕಡಲಿಗೂ ನಡುವೆ ಉಳಿದಿರುವ ಕಿರಿದಾದ ಮರಳಪಟ್ಟಿಯೇ ತಣ್ಣೀರುಬಾವಿ ಮತ್ತು ಬೆಂಗ್ರೆ. ಎರಡು ಕಡೆ ಉಪ್ಪುನೀರು ಆವರಿಸಿದ್ದರೂ ಇಂತಹ ಮರಳುನೆಲದಲ್ಲಿ ಮಳೆಯ ನೀರು ಕೆಳಗಿಳಿದು ಉಪ್ಪುನೀರಿನ ಮೇಲೆ ತೆಳುವಾದ ಸಿಹಿನೀರಿನ ಪದರವಾಗಿ ನಿಲ್ಲುತ್ತದೆ. ಆಳವಿಲ್ಲದ ಬಾವಿಗಳಿಂದ ತೀರದ ಜನ ಪಡೆಯುತ್ತಿದ್ದುದು ಈ ನೀರನ್ನೇ. ತಣ್ಣೀರುಬಾವಿ ಎಂಬ ಸ್ಥಳನಾಮವನ್ನು ಈ ಹಿನ್ನೆಲೆಯಲ್ಲಿ ಅರ್ಥೈಸಬಹುದು.

ಈ ಪ್ರದೇಶದ ನೆಲವನ್ನು ಪಶ್ಚಿಮದಿಂದ ಪೂರ್ವಕ್ಕೆ ಮೂರು ಪಟ್ಟಿಗಳಾಗಿ ಗುರುತಿಸಬಹುದು. ಮೊದಲನೆಯದು ಅಲೆಗಳಿಗೆ ತೆರೆದುಕೊಂಡ ಮರಳ ತೀರ ಹಾಗೂ ಅದರ ಹಿಂದಿನ ಮರಳ ದಿಬ್ಬಗಳು. ಎರಡನೆಯದು ದಿಬ್ಬಗಳ ಹಿಂದಿನ ತಗ್ಗುನೆಲ. ಮಳೆಗಾಲದಲ್ಲಿ ನೀರು ನಿಲ್ಲುವ ಗದ್ದೆಗಳು, ಜೌಗುಗಳು, ತೋಕೂರು ಹಳ್ಳದಂತಹ ಸಣ್ಣ ತೊರೆಗಳು, ಹೊಳೆಯ ಅಂಚಿನ ಕಾಂಡ್ಲಾ ಕಾಡುಗಳು ಈ ಪಟ್ಟಿಗೆ ಸೇರುತ್ತವೆ. ಮೂರನೆಯದು ಪೂರ್ವದ ಮುರಕಲ್ಲಿನ ಎತ್ತರದ ನೆಲ. ಕೃಷಿಕರು ತಮ್ಮ ಭೂಮಿಯನ್ನು ಬೈಲು, ಮಜಲು, ಬೆಟ್ಟು ಎಂದು ವಿಂಗಡಿಸುವ ತುಳುನಾಡಿನ ಪದ್ಧತಿಗೆ ನೀರಿನ ಲಭ್ಯತೆಯೇ ಆಧಾರ. ಬೈಲಿನಲ್ಲಿ ನೀರು ಬಹುಕಾಲ ನಿಲ್ಲುತ್ತದೆ, ಬೆಟ್ಟು ಕೇವಲ ಮಳೆಯನ್ನು ಅವಲಂಬಿಸುತ್ತದೆ. ಈ ವಿಂಗಡಣೆಯನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದೆ ನಡೆದ ಒಕ್ಕಲೆಬ್ಬಿಸುವಿಕೆಯ ಅರ್ಥವು ಸ್ಪಷ್ಟವಾಗುತ್ತದೆ.

ಬಂದರಿಗೆ ಮುಂಚಿನ ಜೀವನ

ಮಂಗಳೂರಿನ ಹಳೆಯ ಬಂದರು ನೇತ್ರಾವತಿ ಮತ್ತು ಗುರುಪುರ ನದಿಗಳ ಸಂಗಮದಲ್ಲಿತ್ತು. ನದೀಮುಖದ ಮರಳದಿಬ್ಬದಿಂದಾಗಿ ದೊಡ್ಡ ಹಡಗುಗಳು ಒಳಗೆ ಬರಲಾಗುತ್ತಿರಲಿಲ್ಲ. ಅವು ಹೊರಗಿನ ಸಮುದ್ರದಲ್ಲಿ ಲಂಗರು ಹಾಕುತ್ತಿದ್ದವು, ಸರಕನ್ನು ಮಂಜಿಗಳು ಮತ್ತು ದೋಣಿಗಳು ಸಾಗಿಸುತ್ತಿದ್ದವು. ಮುಂಗಾರಿನ ತಿಂಗಳುಗಳಲ್ಲಿ ವ್ಯವಹಾರವು ನಿಲ್ಲುತ್ತಿತ್ತು. ತಣ್ಣೀರುಬಾವಿಯ ಎದುರು ದಡದ ಬೋಳೂರಿನಲ್ಲಿರುವ, ಟಿಪ್ಪು ಸುಲ್ತಾನನ ಕಾಲದ ಸುಲ್ತಾನ್ ಬತ್ತೇರಿಯು ಗುರುಪುರ ನದಿಯ ಸೈನಿಕ ಮಹತ್ವಕ್ಕೆ ಸಾಕ್ಷಿಯಾಗಿದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ನದಿಗಳ ದಡಗಳು ಮತ್ತೊಂದು ಬಗೆಯ ಅಗೆತವನ್ನು ಕಂಡವು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದ ಮೇಲೆ ನದೀಬಯಲಿನ ಜೇಡಿಮಣ್ಣು ವಾಣಿಜ್ಯದ ವಸ್ತುವಾಯಿತು. ಕರಾವಳಿಯ ಖನಿಜೋದ್ಯಮವು ಹೀಗೆ ಕಬ್ಬಿಣದಿಂದಲ್ಲ, ಮಣ್ಣಿನಿಂದ ಮೊದಲಾಯಿತು. ಅಲ್ಲಿ ಕಚ್ಚಾವಸ್ತು, ಅದನ್ನು ಸುಡುವ ಗೂಡು ಮತ್ತು ಸಾಗಿಸುವ ಜಲಮಾರ್ಗ ಮೂರೂ ಒಂದೇ ನದೀಮುಖದ ಸುತ್ತ ಇದ್ದವು.

ಪಣಂಬೂರಿನ ತೀರದಲ್ಲಿ ಮೊಗವೀರರು ರಂಪಣಿ ಬಲೆಯಿಂದ ಮೀನು ಹಿಡಿಯುತ್ತಿದ್ದರು. ಹತ್ತಾರು ಜನ ದಡದಲ್ಲಿ ನಿಂತು ಎರಡೂ ತುದಿಗಳಿಂದ ಎಳೆಯಬೇಕಾದ ಈ ಬಲೆಗೆ ಅಡೆತಡೆಯಿಲ್ಲದ ಮರಳತೀರ ಅವಶ್ಯಕ. ಮೀನುಗಾರರಿಗೆ ತೀರವು ವಾಸಸ್ಥಾನವಷ್ಟೇ ಆಗಿರದೆ ದುಡಿಮೆಯ ಭೂಮಿಯೂ ಆಗಿತ್ತು. ದಿಬ್ಬಗಳ ಹಿಂದಿನ ಬಯಲುಗಳಲ್ಲಿ ಭತ್ತದ ಬೇಸಾಯವೂ ಮನೆಯ ಹಿತ್ತಲುಗಳಲ್ಲಿ ತೆಂಗೂ ಇದ್ದವು. ಪಣಂಬೂರಿನ ನಂದನೇಶ್ವರ ದೇವಾಲಯವು ಈ ಹಳೆಯ ಗ್ರಾಮವ್ಯವಸ್ಥೆಯ ಉಳಿದಿರುವ ಕುರುಹು.

ಹೊಸ ಬಂದರು ಮತ್ತು ಗ್ರಾಮಗಳ ಸ್ಥಳಾಂತರ

ಸರ್ವಋತು ಬಂದರಿನ ಬೇಡಿಕೆಯು ಸ್ವಾತಂತ್ರ್ಯಾನಂತರ ಬಲಗೊಂಡಿತು. ಸಂಸದರಾಗಿದ್ದ ಉಳ್ಳಾಲ ಶ್ರೀನಿವಾಸ ಮಲ್ಯರ ಪ್ರಯತ್ನವನ್ನು ಈ ಸಂದರ್ಭದಲ್ಲಿ ವಿಶೇಷವಾಗಿ ಸ್ಮರಿಸಲಾಗುತ್ತದೆ. 1962ರಲ್ಲಿ ಪಣಂಬೂರಿನಲ್ಲಿ ನಿರ್ಮಾಣಕಾರ್ಯ ಆರಂಭವಾಯಿತು. 1974ರ ಮೇ 4ರಂದು ನವಮಂಗಳೂರು ಬಂದರನ್ನು ದೇಶದ ಒಂಬತ್ತನೆಯ ಪ್ರಮುಖ ಬಂದರೆಂದು ಘೋಷಿಸಲಾಯಿತು. 1975ರ ಜನವರಿ 11ರಂದು ಪ್ರಧಾನಿ ಇಂದಿರಾ ಗಾಂಧಿಯವರು ಅದನ್ನು ಉದ್ಘಾಟಿಸಿದರು.

ಈ ಬಂದರು ನದೀಮುಖವನ್ನಾಗಲಿ ನೈಸರ್ಗಿಕ ಕೊಲ್ಲಿಯನ್ನಾಗಲಿ ಆಶ್ರಯಿಸಿದುದಲ್ಲ. ತೀರದ ನೆಲವನ್ನು ತೋಡಿ, ಸಮುದ್ರದ ನೀರನ್ನು ಒಳಕ್ಕೆ ತಂದು, ಹೊರಗೆ ಎರಡು ಅಲೆತಡೆ ಗೋಡೆಗಳನ್ನು ಕಟ್ಟಿ ರೂಪಿಸಿದ ಕೃತಕ ಜಲಾಶಯವದು. ಹಿಂದೆ ಮರಳದಿಬ್ಬ, ತೆಂಗಿನ ತೋಟ ಮತ್ತು ಮನೆಗಳಿದ್ದ ಜಾಗದಲ್ಲಿ ಹಡಗುಗಳು ನಿಲ್ಲತೊಡಗಿದವು. ಹಡಗುದಾರಿಯ ಹೂಳನ್ನು ಆಗಾಗ್ಗೆ ತೆಗೆಯುತ್ತಿರಬೇಕಾದುದು ಇಂತಹ ಬಂದರಿನ ನಿತ್ಯದ ಅಗತ್ಯವಾಯಿತು. ಬಂದರಿನ ಉತ್ತರಕ್ಕಿರುವ ಮೀನಕಳಿಯದಂತಹ ಮೀನುಗಾರರ ವಸತಿಗಳು ಮಳೆಗಾಲದ ಕಡಲ್ಕೊರೆತವನ್ನು ಎದುರಿಸುತ್ತ ಬಂದಿವೆ.

ಬಂದರಿಗಾಗಿ ನೆಲ ಕಳೆದುಕೊಂಡ ಕುಟುಂಬಗಳಿಗೆ ಕಾಟಿಪಳ್ಳ ಮತ್ತು ಕೃಷ್ಣಾಪುರಗಳಲ್ಲಿ ಪುನರ್ವಸತಿ ಕಲ್ಪಿಸಲಾಯಿತು. ಭೂಪಟದಲ್ಲಿ ಈ ದೂರ ಕೆಲವೇ ಕಿಲೋಮೀಟರುಗಳು. ಆದರೆ ಇದು ಮರಳುನೆಲದಿಂದ ಮುರಕಲ್ಲಿನ ನೆಲಕ್ಕೆ, ಬೈಲಿನಿಂದ ಬೆಟ್ಟಿಗೆ ಆದ ಸ್ಥಳಾಂತರ. ಕೈಗೆಟುಕುವ ಆಳದಲ್ಲಿ ಬಾವಿಯ ನೀರು ಕಾಣುತ್ತಿದ್ದ ಜನ ಕಲ್ಲನ್ನು ಕಡಿದು ಆಳಕ್ಕಿಳಿಯಬೇಕಾದ ನೆಲಕ್ಕೆ ಬಂದರು. ಮೀನುಗಾರನಿಗೆ ಕಡಲು ಮನೆಯ ಮುಂದಿನಿಂದ ಮರೆಯಾಯಿತು, ಒಕ್ಕಲಿಗನಿಗೆ ಗದ್ದೆ ಇಲ್ಲವಾಯಿತು. ಪರಿಹಾರದ ಲೆಕ್ಕವು ಭೂಮಿಯನ್ನು ವಿಸ್ತೀರ್ಣದಲ್ಲಿ ಅಳೆಯುತ್ತದೆ. ಅದರೊಡನೆ ಕಳೆದುಹೋದ ನೀರಿನ ಹಕ್ಕನ್ನೂ ತೀರದ ಮೇಲಿನ ಸಾಮೂಹಿಕ ಬಳಕೆಯನ್ನೂ ಅಳೆಯುವ ಕ್ರಮ ಅಂದಿನ ಭೂಸ್ವಾಧೀನದ ಕಾನೂನಿನಲ್ಲಿ ಇರಲಿಲ್ಲ. 1894ರ ಭೂಸ್ವಾಧೀನ ಕಾಯಿದೆಯೇ ಆಗ ಜಾರಿಯಲ್ಲಿತ್ತು ಎಂಬುದನ್ನು ಇಲ್ಲಿ ಗಮನಿಸಬೇಕು.

ಬಂದರಿನ ಬೆನ್ನಿಗೇ ಕೈಗಾರಿಕೆಗಳು ಬಂದವು. ಮಂಗಳೂರು ರಾಸಾಯನಿಕ ಮತ್ತು ರಸಗೊಬ್ಬರ ಕಾರ್ಖಾನೆಯು 1976ರಲ್ಲಿ ಉತ್ಪಾದನೆಯನ್ನು ಆರಂಭಿಸಿತು. ಬೈಕಂಪಾಡಿಯ ತಗ್ಗುನೆಲವು ಕೈಗಾರಿಕಾ ಪ್ರದೇಶವಾಯಿತು. ಮಳೆಯ ನೀರನ್ನು ತಡೆದು ಹಿಡಿಯುತ್ತಿದ್ದ ಜೌಗುಗಳನ್ನು ಮಣ್ಣು ತುಂಬಿ ಎತ್ತರಿಸಲಾಯಿತು. ಕೃಷಿಗೆ ಆಸರೆಯಾಗಿದ್ದ ಹಳ್ಳಗಳು ಕಾಲಕ್ರಮೇಣ ಕೈಗಾರಿಕಾ ಪ್ರದೇಶದ ನೀರನ್ನು ಹೊಳೆಗೆ ಸಾಗಿಸುವ ಕಾಲುವೆಗಳಾದವು.

ಕಬ್ಬಿಣ, ನೀರು ಮತ್ತು ಕೊಳವೆಮಾರ್ಗ

ಪಣಂಬೂರನ್ನು ಗಣಿಯೊಡನೆ ಬೆಸೆದುದು ಕುದುರೆಮುಖ ಯೋಜನೆ. ಇದರ ಪ್ರಮಾಣವನ್ನು ಗ್ರಹಿಸಲು ಕರ್ನಾಟಕದ ಹಳೆಯ ಕಬ್ಬಿಣದ ಉದ್ಯಮದೊಡನೆ ಹೋಲಿಸುವುದು ಉಪಯುಕ್ತ. 1800-01ರಲ್ಲಿ ಮೈಸೂರು, ಕೆನರಾ ಮತ್ತು ಮಲಬಾರು ಪ್ರಾಂತಗಳಲ್ಲಿ ಸಂಚರಿಸಿ 1807ರಲ್ಲಿ ತನ್ನ ಪ್ರವಾಸ ವರದಿಯನ್ನು ಪ್ರಕಟಿಸಿದ ಫ್ರಾನ್ಸಿಸ್ ಬುಕನನ್, ಮಧುಗಿರಿ ಹಾಗೂ ಚನ್ನರಾಯನದುರ್ಗದ ಸೀಮೆಯಲ್ಲಿ ಕಪ್ಪುಮರಳಿನಿಂದ ಕಬ್ಬಿಣ ತೆಗೆಯುತ್ತಿದ್ದುದನ್ನು ದಾಖಲಿಸಿದ್ದಾನೆ. ಮಳೆಯ ನೀರು ಬೆಟ್ಟದ ಬಂಡೆಗಳಿಂದ ಈ ಮರಳನ್ನು ತೊಳೆದು ತರುತ್ತಿತ್ತು. ಜನ ಅದನ್ನು ಸಂಗ್ರಹಿಸಿ, ಇದ್ದಿಲಿನೊಡನೆ ಮಣ್ಣಿನ ಕುಲುಮೆಯಲ್ಲಿ ಕರಗಿಸುತ್ತಿದ್ದರು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಈ ಬಯಲುಸೀಮೆಯಲ್ಲಿ ಬಲಸಮುದ್ರದಂತಹ ಊರ ಹೆಸರುಗಳಿವೆ. ಕಡಲಿಲ್ಲದ ನಾಡಿನಲ್ಲಿ ‘ಸಮುದ್ರ’ ಎಂಬ ಪದ ಸಾಮಾನ್ಯವಾಗಿ ಕೆರೆಯನ್ನು ಸೂಚಿಸುತ್ತದೆ. ಬೆಟ್ಟದ ಮಳೆನೀರನ್ನು ತಡೆದು ಕೆರೆ ಕಟ್ಟಿದ ಸೀಮೆಯಲ್ಲಿ ಅದೇ ಮಳೆನೀರು ತಂದ ಮರಳಿನಿಂದ ನೇಗಿಲ ಕುಳವೂ ಸಿದ್ಧವಾಗುತ್ತಿತ್ತು. ಅಲ್ಲಿ ಅದಿರನ್ನು ಬಂಡೆಯಿಂದ ಬಿಡಿಸುವ ಮತ್ತು ಸಾಗಿಸುವ ಕೆಲಸವನ್ನು ನೀರೇ ಮಾಡುತ್ತಿತ್ತು, ಅದೂ ವರ್ಷದ ಮಳೆಯ ಮಿತಿಯಲ್ಲಿ. ಕುಲುಮೆಗಳು ಸುತ್ತಲಿನ ಕಾಡಿನ ಇದ್ದಿಲನ್ನು ಬೇಡುತ್ತಿದ್ದುದರಿಂದ ಆ ಉದ್ಯಮವು ನಿರಪಾಯಕಾರಿಯೆಂದು ಹೇಳಲಾಗದು. ಆದರೆ ಅದರ ಲಾಭನಷ್ಟಗಳೆರಡೂ ಒಂದೇ ಬೆಟ್ಟದ ಬುಡದಲ್ಲಿ ಕಣ್ಣಿಗೆ ಕಾಣುವಂತಿದ್ದವು.

ಆ ಕಪ್ಪುಮರಳಿನಲ್ಲಿದ್ದ ಮ್ಯಾಗ್ನಟೈಟ್ ಖನಿಜವೇ ಕುದುರೆಮುಖದ ಅದಿರಿನ ಮುಖ್ಯಾಂಶ. ಮೈಸೂರು ಭೂವಿಜ್ಞಾನ ಇಲಾಖೆಯ ಪಿ. ಸಂಪತ್ ಅಯ್ಯಂಗಾರರು 1913ರಲ್ಲಿ ಅಲ್ಲಿಯ ನಿಕ್ಷೇಪವನ್ನು ಗುರುತಿಸಿದ್ದರು. ಕಬ್ಬಿಣದ ಅಂಶ ಶೇಕಡ 40ಕ್ಕಿಂತ ಕಡಿಮೆಯಿದ್ದ ಈ ಅದಿರನ್ನು ಲಾಭದಾಯಕವಾಗಿ ಬಳಸುವ ವಿಧಾನಕ್ಕೆ ಆರು ದಶಕಗಳು ಬೇಕಾದವು. 1975ರ ನವೆಂಬರಿನಲ್ಲಿ ಇರಾನಿನೊಡನೆ ಒಪ್ಪಂದವಾಯಿತು. 63 ಕೋಟಿ ಡಾಲರುಗಳ ಸಾಲಕ್ಕೆ ಪ್ರತಿಯಾಗಿ 21 ವರ್ಷಗಳಲ್ಲಿ 15 ಕೋಟಿ ಟನ್ನು ಸಾಂದ್ರೀಕೃತ ಅದಿರನ್ನು ಕೊಡಬೇಕೆಂಬುದು ಅದರ ಸಾರ. 1976ರ ಏಪ್ರಿಲಿನಲ್ಲಿ ಕುದುರೆಮುಖ ಕಬ್ಬಿಣ ಅದಿರು ಸಂಸ್ಥೆಯು ಸ್ಥಾಪನೆಗೊಂಡಿತು. 1980ರಲ್ಲಿ ಘಟಕಗಳು ಸಿದ್ಧವಾಗುವಷ್ಟರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ ಖರೀದಿಯ ಭರವಸೆ ಕುಸಿದುಬಿದ್ದಿತ್ತು. ಬೇರೆ ದೇಶಗಳ ಮಾರುಕಟ್ಟೆಗಳನ್ನು ಹುಡುಕಬೇಕಾಯಿತು. ಸಾಂದ್ರೀಕೃತ ಅದಿರನ್ನು ಉಂಡೆಗಳಾಗಿ ಸುಟ್ಟು ಮಾರುವ ಪೆಲೆಟ್ ಕಾರ್ಖಾನೆಯು 1987ರಲ್ಲಿ ಪಣಂಬೂರಿನಲ್ಲಿ ಕೆಲಸ ಆರಂಭಿಸಿತು. ಟೆಹರಾನಿನ ರಾಜಕೀಯ ಬದಲಾವಣೆಯು ತುಳುನಾಡಿನ ತೀರದಲ್ಲಿ ಒಂದು ಕುಲುಮೆಯನ್ನು ಹೆಚ್ಚಿಸಿತೆಂದರೆ ತಪ್ಪಾಗದು.

ಯೋಜನೆಯ ತಾಂತ್ರಿಕ ಕ್ರಮ ಹೀಗಿತ್ತು. ವರ್ಷಕ್ಕೆ 226 ಲಕ್ಷ ಟನ್ನು ಕಚ್ಚಾ ಅದಿರನ್ನು ಅಗೆದು, ನುಣ್ಣಗೆ ಅರೆದು, ಕಬ್ಬಿಣದ ಅಂಶ ಸುಮಾರು ಶೇಕಡ 67ರಷ್ಟಿರುವ 75 ಲಕ್ಷ ಟನ್ನು ಸಾಂದ್ರೀಕೃತ ಅದಿರನ್ನು ಬೇರ್ಪಡಿಸುವ ಸಾಮರ್ಥ್ಯವನ್ನು ಯೋಜಿಸಲಾಗಿತ್ತು. ಅಂದರೆ ಅಗೆದ ಪ್ರತಿ ಮೂರು ಭಾಗಗಳಲ್ಲಿ ಎರಡು ಭಾಗ ತ್ಯಾಜ್ಯ. ಆ ಕೆಸರನ್ನು ಭದ್ರೆಯ ಉಪನದಿಯಾದ ಲಕ್ಯಾ ಹೊಳೆಗೆ ಕಟ್ಟಿದ ಸುಮಾರು 100 ಮೀಟರು ಎತ್ತರದ ಅಣೆಕಟ್ಟಿನ ಹಿಂದೆ ತುಂಬಲಾಯಿತು. ಉಳಿದ ಒಂದು ಭಾಗವು ನೀರಿನೊಡನೆ ಬೆರೆತು 67 ಕಿ.ಮೀ. ಉದ್ದದ ಕೊಳವೆಯಲ್ಲಿ ಘಟ್ಟವನ್ನಿಳಿದು ಪಣಂಬೂರಿಗೆ ಬರುತ್ತಿತ್ತು. ಇಲ್ಲಿ ನೀರನ್ನು ಸೋಸಿ ತೆಗೆದು, ಅದಿರನ್ನು ರಾಶಿ ಹಾಕಿ, ಹಡಗಿಗೆ ತುಂಬಲಾಗುತ್ತಿತ್ತು.

ಇದರಲ್ಲಿ ಪರಿಸರ ಇತಿಹಾಸಕಾರನು ಗಮನಿಸಬೇಕಾದ ಸಂಗತಿಯೊಂದಿದೆ. ಭದ್ರೆ ಪೂರ್ವಕ್ಕೆ ಹರಿಯುವ ನದಿ. ಅದರ ನೀರು ತುಂಗಭದ್ರೆಯಾಗಿ, ಕೃಷ್ಣೆಯೊಡಗೂಡಿ ಬಂಗಾಳಕೊಲ್ಲಿಯನ್ನು ಸೇರಬೇಕು. ಅದರ ಒಂದಂಶವು ಅದಿರನ್ನು ಹೊತ್ತು ಪಶ್ಚಿಮದ ಕಡಲತೀರಕ್ಕೆ ಬಂದಿತು. ನೆಲದಡಿಯ ಕೊಳವೆಯು ಸಹ್ಯಾದ್ರಿಯ ಜಲವಿಭಜಕವನ್ನು ದಾಟಿತು. ಹೀಗೆ ಪಣಂಬೂರಿಗೆ ಎರಡು ನದಿಗಳಾದವು. ಒಂದು ಕಣ್ಣಿಗೆ ಕಾಣುವ ಗುರುಪುರ ನದಿ, ಇನ್ನೊಂದು ಕಾಣದ ಕಪ್ಪು ನದಿ. ಮಧುಗಿರಿಯ ಸೀಮೆಯಲ್ಲಿ ಮಳೆಯು ವರ್ಷವರ್ಷವೂ ಅಲ್ಪಸ್ವಲ್ಪವಾಗಿ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಹಗಲಿರುಳು ಯಂತ್ರಗಳು ಮಾಡಿದವು. ಗಣಿಯ ಲಾಭ, ತ್ಯಾಜ್ಯ ಮತ್ತು ಧೂಳುಗಳು ಮೂರು ಬೇರೆಬೇರೆ ಸ್ಥಳಗಳಿಗೆ ಹಂಚಿಹೋದವು.

ತೀರ್ಪು ಮತ್ತು ತೀರ

ಗಣಿ ಗುತ್ತಿಗೆಯು 1969ರ ಜುಲೈನಿಂದ 30 ವರ್ಷಗಳ ಅವಧಿಯದಾಗಿದ್ದು 1999ರ ಜುಲೈನಲ್ಲಿ ಮುಗಿಯಿತು. ಅನಂತರ ತಾತ್ಕಾಲಿಕ ಅನುಮತಿಗಳ ಆಧಾರದ ಮೇಲೆ ಕೆಲಸ ಮುಂದುವರಿಯಿತು. ಈ ನಡುವೆ ಶೋಲಾ ಕಾಡುಗಳು, ಹುಲ್ಲುಗಾವಲುಗಳು ಹಾಗೂ ಸಿಂಗಳೀಕಗಳ ನೆಲೆಯಾದ ಆ ಪ್ರದೇಶದಲ್ಲಿ ಸುಮಾರು 600 ಚ.ಕಿ.ಮೀ. ವಿಸ್ತಾರದ ಕುದುರೆಮುಖ ರಾಷ್ಟ್ರೀಯ ಉದ್ಯಾನವು ರೂಪುಗೊಂಡಿತ್ತು. ವನ್ಯಜೀವಿ ಸಂರಕ್ಷಕ ಕೆ.ಎಂ. ಚಿಣ್ಣಪ್ಪ ಅವರ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು 2002ರ ಅಕ್ಟೋಬರ್ 30ರಂದು ತೀರ್ಪು ನೀಡಿ, 2005ರ ಅಂತ್ಯದೊಳಗೆ ಗಣಿಗಾರಿಕೆ ನಿಲ್ಲಬೇಕೆಂದಿತು. ಅದರಂತೆ 2005ರ ಡಿಸೆಂಬರ್ 31ಕ್ಕೆ ಗಣಿ ಮುಚ್ಚಿತು. ಭಾರತದ ಅರಣ್ಯ ಸಂರಕ್ಷಣೆಯ ಚರಿತ್ರೆಯಲ್ಲಿ ಇದು ಮಹತ್ವದ ಘಟನೆ.

ಆದರೆ ಕೊಳವೆಯ ಮೇಲಿನ ತುದಿ ಮುಚ್ಚಿದರೆ ಕೆಳಗಿನ ತುದಿಯ ಗತಿಯೇನು ಎಂಬ ಪ್ರಶ್ನೆಗೆ ಆ ವಿಚಾರಣೆಯಲ್ಲಿ ಸ್ಥಾನವಿರಲಿಲ್ಲ. ಅದು ಅರಣ್ಯ ಮತ್ತು ವನ್ಯಜೀವಿ ಕಾನೂನುಗಳ ವ್ಯಾಪ್ತಿಯ ವ್ಯಾಜ್ಯವಾಗಿತ್ತು. ತೀರಕ್ಕೆ ಅನ್ವಯವಾಗುತ್ತಿದ್ದ 1991ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯು ಸಮುದ್ರತೀರವನ್ನು ಅನಿವಾರ್ಯವಾಗಿ ಬಯಸುವ ಬಂದರು ಮುಂತಾದ ಚಟುವಟಿಕೆಗಳಿಗೆ ಅವಕಾಶ ಕೊಟ್ಟಿತ್ತು. ಮೇಲಾಗಿ ಅದು ಬರುವಷ್ಟರಲ್ಲಿ ಪಣಂಬೂರಿನ ಮುಖ್ಯ ಬದಲಾವಣೆಗಳೆಲ್ಲ ನಡೆದುಹೋಗಿದ್ದವು. ಬೆಟ್ಟಕ್ಕೆ ಒಂದು ಕಾನೂನು, ತೀರಕ್ಕೆ ಇನ್ನೊಂದು. ಇವೆರಡನ್ನು ಜೋಡಿಸಿದ ಕೊಳವೆಯನ್ನು ಒಂದಾಗಿ ಕಾಣುವ ದೃಷ್ಟಿ ಮಾತ್ರ ಎರಡರಲ್ಲಿಯೂ ಇರಲಿಲ್ಲ.

ಪೆಲೆಟ್ ಕಾರ್ಖಾನೆಯು 2005ರ ನಂತರ ಅನ್ಯಮೂಲಗಳ ಅದಿರನ್ನು ಅವಲಂಬಿಸಿತು. ಇದೇ ಅವಧಿಯಲ್ಲಿ ಬಳ್ಳಾರಿ, ಹೊಸಪೇಟೆಗಳ ಅದಿರು ಲಾರಿಗಳ ಮೂಲಕ ಘಟ್ಟ ಇಳಿದು ಬಂದರಿಗೆ ಬರತೊಡಗಿತು. ಮೀಟರ್ ಗೇಜಿನಿಂದ ಬ್ರಾಡ್ ಗೇಜಿಗೆ ಪರಿವರ್ತನೆಯಾದ ಹಾಸನ-ಮಂಗಳೂರು ರೈಲುಮಾರ್ಗವು 2006ರಲ್ಲಿ ಸರಕು ಸಾಗಣೆಗೆ ತೆರೆದುಕೊಂಡಿತು. ಕೊಳವೆಯಲ್ಲಿ ಬರುತ್ತಿದ್ದ ಕಪ್ಪು ಅದಿರಿನ ಜಾಗದಲ್ಲಿ ರಸ್ತೆ ಮತ್ತು ರೈಲಿನಲ್ಲಿ ಕೆಂಪು ಅದಿರು ಬಂದಿತು. 2010ರ ಜುಲೈನಲ್ಲಿ ರಾಜ್ಯ ಸರ್ಕಾರವು ಅದಿರಿನ ರಫ್ತನ್ನು ತಡೆಯಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿಗಾರಿಕೆಯನ್ನು ನಿಲ್ಲಿಸಿತು. ಕರ್ನಾಟಕದ ಅದಿರಿನ ರಫ್ತಿಗೆ ಮತ್ತೆ ಅವಕಾಶ ದೊರೆತದ್ದು 2022ರ ಮೇ ತಿಂಗಳಿನಲ್ಲಿ. ಈ ಪ್ರತಿಯೊಂದು ಆದೇಶದ ಪರಿಣಾಮವು ಪಣಂಬೂರಿನ ಅದಿರು ರಾಶಿಗಳ ಏರಿಳಿತದಲ್ಲಿ ಕಾಣುವಂತಹುದು. ಆದರೆ ಯಾವ ಆದೇಶವೂ ಪಣಂಬೂರನ್ನು ಕುರಿತು ಹೊರಟದ್ದಲ್ಲ.

ಗಣಿ ಮುಚ್ಚಿದ ಊರು ಬರಿದಾಗುವುದನ್ನು ಕೋಲಾರದ ಚಿನ್ನದ ಗಣಿಪ್ರದೇಶದಲ್ಲಿ 2001ರ ನಂತರ ಕಾಣುತ್ತೇವೆ. ಕುದುರೆಮುಖದ ಗಣಿ ಪಟ್ಟಣವಾದ ಮಲ್ಲೇಶ್ವರವೂ ಹಾಗೆಯೇ ಜನಶೂನ್ಯವಾಗತೊಡಗಿತು. ಪಣಂಬೂರು ಬರಿದಾಗಲಿಲ್ಲ. ರಸಗೊಬ್ಬರ, 1996ರಿಂದ ತೈಲ ಶುದ್ಧೀಕರಣ, ಕಲ್ಲಿದ್ದಲು, ಅನಿಲ ಹೀಗೆ ಒಂದರ ನಂತರ ಒಂದು ಸರಕು ಅದನ್ನು ತುಂಬಿತು. ಬೆಟ್ಟದಲ್ಲಿ ಹುಲ್ಲು ಮರಳಿ ಬೆಳೆಯಲು ಅವಕಾಶ ದೊರೆಯಿತು. ತೀರದಲ್ಲಿ ಅಂತಹ ಬಿಡುವು ಒದಗಲಿಲ್ಲ.

ಉಳಿದಿರುವ ನಿಸರ್ಗ

ಇಷ್ಟಾಗಿಯೂ ಪಣಂಬೂರಿನ ನಿಸರ್ಗವು ಸಂಪೂರ್ಣವಾಗಿ ಅಳಿದಿದೆಯೆಂದು ಭಾವಿಸಬಾರದು. ಪಣಂಬೂರು ಮತ್ತು ತಣ್ಣೀರುಬಾವಿ ಕಡಲತೀರಗಳು ಇಂದು ನಗರವಾಸಿಗಳ ವಿಹಾರಸ್ಥಳಗಳಾಗಿವೆ. ಮರಳಿನ ಮೇಲೆ ನೆಟ್ಟ ಗಾಳಿಮರಗಳು, ಗುರುಪುರ ನದಿಯ ಅಂಚಿನಲ್ಲಿ ಅಲ್ಲಲ್ಲಿ ಉಳಿದ ಕಾಂಡ್ಲಾ ಪೊದೆಗಳು, ಬೆಂಗ್ರೆಯ ಮೀನುಗಾರರ ವಸತಿಗಳು ಹಳೆಯ ಭೂಸ್ವರೂಪವನ್ನು ಇನ್ನೂ ಓದಲು ಸಾಧ್ಯವಾಗಿಸುತ್ತವೆ. 2001ರಲ್ಲಿ ತಣ್ಣೀರುಬಾವಿಯ ಬಳಿ ನದಿಯಲ್ಲಿ ತೇಲುನೌಕೆಗಳ ಮೇಲೆ ಸ್ಥಾಪಿತವಾದ ವಿದ್ಯುತ್ ಸ್ಥಾವರವು 2010ರಲ್ಲಿ ಕಾಕಿನಾಡಕ್ಕೆ ಸಾಗಿಹೋಯಿತು. ಉದ್ಯಮವು ಸ್ಥಳವನ್ನು ಬಿಟ್ಟು ಹೋಗಬಲ್ಲದು, ನದಿಯೂ ಅದರ ದಡದ ಜನರೂ ಅಲ್ಲಿಯೇ ಉಳಿಯುತ್ತಾರೆ ಎಂಬುದಕ್ಕೆ ಇದೊಂದು ನಿದರ್ಶನ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಗಣಿಯ ಪರಿಸರವನ್ನು ಅಗೆದ ಹೊಂಡಕ್ಕೆ ಮಾತ್ರ ಸೀಮಿತಗೊಳಿಸಿದರೆ ಅದರ ಇತಿಹಾಸ ಅಪೂರ್ಣವಾಗುತ್ತದೆ. ಅದಿರು ಸಾಗಿದ ಹಾದಿಯನ್ನು ಕೊನೆಯವರೆಗೆ ಹಿಂಬಾಲಿಸಬೇಕು. ಎರಡನೆಯದಾಗಿ, ಒಕ್ಕಲೆಬ್ಬಿಸುವಿಕೆಯ ತೀವ್ರತೆಯನ್ನು ದೂರದಿಂದ ಅಳೆಯಲಾಗದು. ಮರಳಿನಿಂದ ಮುರಕಲ್ಲಿಗೆ ಹೋದ ಕೆಲವೇ ಕಿಲೋಮೀಟರುಗಳ ಪಯಣವು ಒಂದು ಜೀವನಕ್ರಮದ ಅಂತ್ಯವಾಗಿತ್ತು. ಮೂರನೆಯದಾಗಿ, ಸಂರಕ್ಷಣೆಯ ತೀರ್ಪು ಒಂದು ಸ್ಥಳವನ್ನು ಉಳಿಸಿದಾಗ ಅದೇ ವ್ಯವಸ್ಥೆಗೆ ಸೇರಿದ ಇನ್ನೊಂದು ಸ್ಥಳದ ಸ್ಥಿತಿಯನ್ನು ವಿಚಾರಿಸುವುದು ಸಂಶೋಧಕರ ಹೊಣೆ.

ಬಂದರಿಗೆ ಮುಂಚಿನ ಪಣಂಬೂರನ್ನು ಹತ್ತು ವರ್ಷದ ವಯಸ್ಸಿನಲ್ಲಿ ಕಂಡವರಿಗೆ ಇಂದು ಎಪ್ಪತ್ತು ದಾಟಿದೆ. ಯಾವ ಬಾವಿಯ ನೀರು ಸಿಹಿಯಾಗಿತ್ತು, ಯಾವ ಗದ್ದೆಗೆ ಯಾವ ಹೆಸರಿತ್ತು, ರಂಪಣಿಯನ್ನು ಎಲ್ಲಿಂದ ಎಲ್ಲಿಯವರೆಗೆ ಎಳೆಯುತ್ತಿದ್ದರು ಎಂಬ ತಿಳಿವಳಿಕೆ ಕಾಟಿಪಳ್ಳ, ಕೃಷ್ಣಾಪುರಗಳ ಹಿರಿಯರಲ್ಲಿದೆ. ಹಳೆಯ ಕಂದಾಯ ನಕ್ಷೆಗಳನ್ನೂ ಅಡಂಗಲ್ ದಾಖಲೆಗಳನ್ನೂ ಮುಂದಿಟ್ಟುಕೊಂಡು ಅವರ ಹೇಳಿಕೆಗಳನ್ನು ದಾಖಲಿಸುವ ಕಾರ್ಯವು ಈ ದಶಕದೊಳಗೆ ನಡೆಯಬೇಕು. ಕುದುರೆಮುಖದ ಬೆಟ್ಟವನ್ನು ಪುನಃ ನೋಡಿ ಅಳೆಯಲು ಸಾಧ್ಯ. ಬಂದರಿನ ನೀರಿನಡಿ ಸೇರಿದ ಊರನ್ನು ಅಳೆಯಲು ಆ ಹಿರಿಯರ ನೆನಪಿಗಿಂತ ಬೇರೆ ಆಧಾರ ಹೆಚ್ಚಾಗಿ ಉಳಿದಿಲ್ಲ.